ಬುರುಡಿ ಬಿಚ್ಚೂದು

ರಾತ್ರಿ ಎರಡರ ಹೊತ್ತಿಗೆ ಜ್ವಾಲಾಮುಖಿ ಮಾಡೀನಿ ನಾನು,
ಥರ್ಮಾಕೋಲ್ ಕೊರದು, ಕೆಂಪು ಬಣ್ಣ ಬಳದು,
ಬಾಯಾಗ ಅಡಗಿ ಸೋಡಾ ತುಂಬಿ.
ಐದನೇತ್ತೆಯ ಮಗ ಅಡವೀಶ
ಬಾಜೂಕ ಬಾಯಿ ತಗದು ಮಲಗಿದ್ದ.
ಖಡೇಬಜಾರದ ಹಿಂದಿನ ಗಲ್ಲಿಯೊಳಗ ಎಚ್ಚರಿದ್ದದ್ದು
ನಾನು, ಒಂದು ನಾಯಿ, ಮತ್ತ ಅಂಟಿನ ವಾಸನಿ.

ಮೊದಲನೇ ಬಹುಮಾನ ಬಂತು.
ಕಂಪಾಸ್ ಪೆಟ್ಟಿಗಿ, ಮ್ಯಾಲ ಬಂಗಾರ ಬಣ್ಣದ ಕಾಗದ.
ಅಂವ ಬಿಚ್ಚಲಿಲ್ಲ.
ಪಲಂಗದ ಬುಡಕ, ಹಳೇ ಚಪ್ಪಲಿ ಹಿಂದ ದೂಡಿ
"ಅವ್ವಾ, ಇದು ನಿಂದು" ಅಂದ.
ಸಿಟ್ಟಿಲ್ಲ, ಅಳು ಇಲ್ಲ.
ಬಾಡಗಿ ಸೈಕಲ್ ವಾಪಸ್ ಕೊಟ್ಟಂಗ ಅಂದ.

ಮ್ಯಾಲಿನ ಮನಿಯ ಮೋಜೆಲ್‌ಬಾಯಿ ಪೇಣಕರಗ ಹೇಳಿಕೊಂಡೆ.
ನಲವತ್ತು ವರ್ಷ ಟೈಪಿಂಗ್ ಕ್ಲಾಸ್ ನಡಿಸಿದಾಕಿ,
ಅರ್ಧ ಬೆಳಗಾವಿಯ ಬೆರಳು ತಿದ್ದಿದಾಕಿ.
ಶುಕ್ರವಾರ ಸಂಜಿಗೆ ಎರಡು ದೀಪ ಹಚ್ಚಿ
ಕಣ್ಣ ಮುಚ್ಚಿಕೊಂಡು ಹೆಸರು ಹೇಳತಾಳ,
ಮಕ್ಕಳದು, ಮೊಮ್ಮಕ್ಕಳದು,
ಒಮ್ಮೊಮ್ಮೆ ನಮ್ಮ ಅಡವೀಶಂದೂ.
ಶನಿವಾರ ಒಲಿ ಹಚ್ಚಂಗಿಲ್ಲ.
ಹಿರ್ಯಾರು ಕೊಂಕಣದಾಗ ಎಣ್ಣಿ ಗಾಣದವರಂತ,
ಶನಿವಾರ ಎತ್ತಿಗೂ ರಜಾ ಕೊಡತಿದ್ದರಂತ.

ಅರಿವಿ ಒಣಹಾಕ್ಕೋತ ಅಂದಳು:
"ನಮ್ಮೊಳಗ ಅಪ್ಪ ಆದಂವಗ ಸಾಲ ಇರತಾವು, ಬಾಳಾ.
ಮಗಗ ಅಕ್ಷರ ಕಲಸಬೇಕು. ಕೈಗೊಂದು ಕಸಬು ಕಲಸಬೇಕು.
ಇನ್ನೊಂದು, ಈಜು."
"ಈಜ?"
"ಹೂಂ. ಹಡಗ ಮುಳಗೂದು
ಅಪ್ಪನ್ನ ಕೇಳಿ ಮುಳಗತೈತೇನು?"

ನನಗ ಸುಳೇಭಾವಿಯ ತೋಟದ ಭಾವಿ ನೆನಪಾತು.
ಬಾಳೇಶಣ್ಣ ನನ್ನ ಬೆನ್ನಿಗೆ ಒಣಾ ಸೋರಿಬುರುಡಿ ಕಟ್ಟಿ
ಮೆಟ್ಟಲ ಮ್ಯಾಲಿಂದ ನೂಕಿದ್ದ.
ಎಂಟು ದಿನ ಈಜಿದ್ದು ಬುರುಡಿ, ನಾನಲ್ಲ.
ಒಂಬತ್ತನೇ ದಿನ, ಹೇಳದ ಕೇಳದ, ಗಂಟು ಬಿಚ್ಚಿದ.
ಬುರುಡಿ ಒಂದ ಕಡೆ, ನಾನೊಂದ ಕಡೆ,
ಮೂಗಿನ್ಯಾಗ ನೀರು, ಬಾಯಾಗ ಬೈಗಳು.
ಆದರ ಅಂವ ದಂಡಿ ಮ್ಯಾಲ ನಿಂತಿರಲಿಲ್ಲ.
ನೀರಾಗ ಇದ್ದ, ಒಂದು ಕೈ ಅಂತರದಾಗ.
ಹಿಡೀಲಿಲ್ಲ. ಹೋಗಲೂ ಇಲ್ಲ.

ಆ ಒಂದು ಕೈ ಎಷ್ಟು ಅನ್ನೂದನ್ನ
ಯಾವ ಕಂಪಾಸ್ ಪೆಟ್ಟಿಗಿಯ ಪಟ್ಟೀಲೂ ಅಳಿಯಾಕಾಗಲಿಲ್ಲ ನನಗ.

ಮುಂದಿನ ಸೋಮವಾರ ಅಂವ ಭಿನ್ನರಾಶಿ ಹಿಡಕೊಂಡು ಕುಂತ.
ಬಾಜೂಕ ನಾನು ಬೆಳ್ಳುಳ್ಳಿ.
ಮೂರನೇ ಲೆಕ್ಕ ತಪ್ಪಿತು. ಕಂಡಿತು ನನಗ.
ಒಂದು ಎಸಳು ಸುಲದೆ. ಇನ್ನೊಂದು ಸುಲದೆ.
"ಹಿಂಗ ಮಾಡಲೇನವ್ವಾ?"
"ನಿನಗ ಹೆಂಗನಸ್ತೈತಿ?"
ಇಷ್ಟ ಮಾತು ಅನ್ನಾಕ
ಒಂದು ಗಡ್ಡಿ ಬೆಳ್ಳುಳ್ಳಿ ಮುಗೀತು.

ಕುಂದಾ ಕೊಡಸ್ತೀನಿ ಅಂದಿದ್ದೆ, ಪಾಸಾದರ.
"ಆಗಲಿ ಬಿಡಲಿ, ಕೊಡಸು.
ಮಾತು ಕೊಟ್ಟು ತಪ್ಪಿದರ
ಲೆಕ್ಕಕ್ಕಿಂತ ಮೊದಲ ಸುಳ್ಳು ಕಲಸಿದಂಗಾತು"
ಅಂತ ಮ್ಯಾಲಿಂದ ಆಕಿ. ಕಿವಿ ಭಾಳ ಚುರುಕು.

ಕಿರುಪರೀಕ್ಷೆ. ಇಪ್ಪತ್ತೈದಕ್ಕ ಹನ್ನೊಂದು.
ಕೆಂಪು ಮಸಿ, ಬುಡಕ ಎರಡು ಗೆರಿ.
ನನಗ ತೋರಸೂಕಿಂತ ಮೊದಲ
ತಾನ ಮೆಟ್ಟಲ ಹತ್ತಿ ಆಕಿಗೆ ತೋರಿಸ್ಯಾನ.
ನಾನು ಹಿಂದ ಓಡಿದೆ, ಹಿಟ್ಟಿನ ಕೈಲೆ.

"ನಮ್ಮ ಹುಡುಗರು ಅಕ್ಷರ ತಿದ್ದೂ ಮೊದಲನೇ ದಿನ
ಪಾಟಿ ಮ್ಯಾಲ ಜೇನ ಹಚ್ಚಿ ನೆಕ್ಕಸ್ತಿದ್ದರು" ಅಂದಳು.
ಕಪಾಟ ಹುಡುಕಿದಳು. ಜೇನ ತೀರಿತ್ತು.
ಕಾಕಂಬಿಯ ಬಾಟ್ಲಿ ಇತ್ತು.
ಬೆರಳದ್ದಿ, ಆ ಹನ್ನೊಂದರ ಮ್ಯಾಲ ಒಂದು ಹನಿ ಇಟ್ಟಳು.
ಹುಡುಗ ನೆಕ್ಕಿದ. ಮುಖ ಹಿಂಡಿದ.
"ಮಸಿ ರುಚಿ ಬರತೈತ್ರಿ."
"ಬರಲಿ" ಅಂದಳು, "ಅದೂ ನಿಂದ."

ಪಾಲಕರ ಸಹಿ ಮಾಡೂ ಮುಂದ
ಪೆನ್ನು ಅಂಟಿಕೊಂಡು ಓಡಲಿಲ್ಲ.
ಈ ಕಲಿ ಎಂಥಾದ್ದಂತ ಮಾಸ್ತರು ಕೇಳಬೌದು.
ಕೇಳಲಿ, ಅಂವನ ಹೇಳತಾನ.

ಕಂಪಾಸ್ ಪೆಟ್ಟಿಗಿ ಇನ್ನೂ ಪಲಂಗದ ಬುಡಕ ಐತಿ.
ಕಸಾ ಹೊಡಿಯೂ ಮುಂದ
ಬಾರಗಿ ಅದರ ಸುತ್ತ ಹಾಯಿಸ್ತೀನಿ.